ತಟ್ಟಿ ನೋಡಿದ ಅರಮನೆ

"ಕರಿಗಲ್ಲೂರಿನ ಮಂದಿಯೆಲ್ಲ ಕಿವಿಗೊಡಿ! ದೊರೆ ಕಂಪಣರಾಯರು ಮಗಳು ಹೊನ್ನಾಂಬಿಕೆಗೆಂದು ಹೊಸ ಅರಮನೆ ಕಟ್ಟಿಸಿದ್ದಾರೆ. ಅದನ್ನು ನೋಡಿ, ರಾಜಕುಮಾರಿಯ ಮೂರು ಒಗಟು ಬಿಡಿಸಿದವನಿಗೆ ಅರಮನೆಯೂ ಅವಳ ಕೈಯೂ ಸಿಗುತ್ತವೆ. ತಪ್ಪಿದವನ ತಲೆ ಅಮಾವಾಸ್ಯೆಗೆ ಉರುಳುತ್ತದೆ!"

ಡಂಗುರದವನ ಬೆನ್ನಿಗೇ ದೊಡ್ಡೀರ ಹೊರಟುಬಿಟ್ಟ. ಸಂತೆಯಲ್ಲಿ ಮಡಕೆ ಮಾರುತ್ತಿದ್ದವನು, ಹೊತ್ತ ಹೊರೆಯನ್ನು ತಮ್ಮ ಸಣ್ಣೀರನ ಮುಂದೆ ಇಳಿಸಿ, ಇನ್ನು ನೀನುಂಟು ನಿನ್ನ ಮಡಕೆಯುಂಟು ಎಂದು ಮೀಸೆ ತಿರುವಿ ನಡೆದ. ಸಂಜೆಗೆ ಸುದ್ದಿ ಬಂತು, ದೊಡ್ಡೀರ ಸೆರೆಮನೆಯಲ್ಲಿ, ಅಮಾವಾಸ್ಯೆಯೊಳಗೆ ಯಾರಾದರೂ ಒಗಟು ಬಿಡಿಸಿದರೆ ಮಾತ್ರ ಅವನ ತಲೆ ಉಳಿದೀತು. ಅವರವ್ವ ಅಂದಿನಿಂದ ತುತ್ತು ಮುಟ್ಟಲಿಲ್ಲ. ಅವಳ ಒಲೆ ತಣ್ಣಗಾದದ್ದನ್ನು ನೋಡಲಾರದೆ ಸಣ್ಣೀರ ತಲೆಗೆ ರುಮಾಲು ಸುತ್ತಿದ. "ಅಣ್ಣನನ್ನು ಕರಕೊಂಡೇ ಬರ್ತೀನವ್ವ" ಎಂದ. ಹೆದರಿಕೆ ಇರಲಿಲ್ಲವೆಂದು ಯಾರು ಹೇಳಿದರು? ಆದರೂ ಹೋದ.

ಆ ಸೀಮೆಯಲ್ಲೊಂದು ಹಾಳು ಪದ್ಧತಿ ಇತ್ತು. ಹೊಸ ಮನೆ ನೋಡಲು ಹೋದವರು ಕಾಯಿ, ವೀಳ್ಯ ಕೊಟ್ಟು ಹೊಗಳಬೇಕೇ ಹೊರತು ಕುಂದು ಎತ್ತಬಾರದು. ಎತ್ತಿದರೆ ಅಪಶಕುನ. ಕಣ್ಣಿಗೆ ಬಿರುಕು ಕಂಡರೂ ಬಾಯಲ್ಲಿ ಬರುವುದು ಭೇಷ್ ಭೇಷ್!

ಹೊನ್ನಾಂಬಿಕೆ ನಡುಮನೆಯಲ್ಲಿ ಕೂತಿದ್ದಳು, ಪಕ್ಕದಲ್ಲಿ ದೊರೆ. ಅವಳು ಸಣ್ಣೀರನಿಗೆ ಒಗಟು ಹೇಳಿದಳು.

"ಈ ಮನೆಯಲ್ಲಿ ಒಬ್ಬ ನಿಂತೇ ಇದ್ದಾನೆ, ಆದರೂ ದಿನದಿನಕ್ಕೆ ಇಳಿಯುತ್ತಿದ್ದಾನೆ. ಅವನು ಇಳಿದಂತೆಲ್ಲ ಪಕ್ಕದವನ ಮೈ ಬಿರಿಯುತ್ತದೆ. ಅವನಾರು? ಒಬ್ಬಳು ಬಾಗಿಲು ತೆರೆಯದೆ ಒಳಗೆ ಬರುತ್ತಾಳೆ, ಹೋದ ಮೇಲೂ ಅವಳ ಗುರುತು ಹೋಗುವುದಿಲ್ಲ. ಅವಳಾರು? ಇನ್ನೊಬ್ಬ ತಲೆಯ ಮೇಲೆ ಹೂಬಳ್ಳಿಯ ಕಿರೀಟ ಹೊತ್ತಿದ್ದಾನೆ, ಅವನ ಒಡಲನ್ನು ಸಾವಿರ ಬಾಯಿ ಉಣ್ಣುತ್ತಿವೆ, ಅವನು ತುಟಿ ಪಿಟಕ್ಕೆನ್ನುವುದಿಲ್ಲ. ಅವನಾರು?"

ಮುಂಚೆ ಬಂದವರ ಉತ್ತರ ಕೇಳಬೇಕಿತ್ತು ನೀವು. ಪಕ್ಕದ ನಾಡಿನ ಅರಸುಮಗ ಇಳಿಯುವವನು ಸೂರ್ಯನೆಂದ. ಆಸ್ಥಾನದ ಪಂಡಿತ ಒಳಗೆ ಬರುವವಳು ಮಲ್ಲಿಗೆಯ ಕಂಪೆಂದ. ನಮ್ಮ ದೊಡ್ಡೀರನೋ, ಕಿರೀಟದವನು ಪ್ರಜೆಗಳಿಗೆ ಉಣಿಸುವ ನಮ್ಮ ದೊರೆಯೇ ಎಂದು ಕೈಮುಗಿದನಂತೆ. ದೊರೆಗೆ ಖುಷಿಯಾಯಿತು, ಆದರೆ ತಪ್ಪು ತಪ್ಪೇ.

ಸಣ್ಣೀರ ಉತ್ತರ ಹೇಳಲಿಲ್ಲ. ಏಣಿಯೊಂದು, ಬಿಂದಿಗೆ ನೀರು, ದೃಷ್ಟಿಗೆ ಕಟ್ಟಿದ್ದ ನಿಂಬೆಹಣ್ಣು, ಇಷ್ಟು ಬೇಕು, ಮನೆಯನ್ನೊಮ್ಮೆ ಪೂರ್ತಿ ನೋಡಬೇಕು ಎಂದ. ಆಸ್ಥಾನದವರು ಮುಸಿಮುಸಿ ನಕ್ಕರು. ಹೊನ್ನಾಂಬಿಕೆ ಮಾತ್ರ ನಗಲಿಲ್ಲ, ನೆಟ್ಟಗೆ ಕೂತಳು.

ನಿಂಬೆಹಣ್ಣನ್ನು ನೆಲದ ಮೇಲಿಟ್ಟ. ಅದು ಉರುಳುತ್ತ ಉರುಳುತ್ತ ಈಶಾನ್ಯದ ಮೂಲೆಗೆ ಹೋಗಿ ನಿಂತಿತು. ಅಲ್ಲಿಯ ಕಿಟಕಿ ಹಾಕಿ ನೋಡಿದ, ಕದ ಚೌಕಟ್ಟಿಗೆ ಕಚ್ಚಿಕೊಂಡಿತು. ಏಣಿ ಹತ್ತಿ ಅಟ್ಟದಲ್ಲಿ ಮೂಗಾಡಿಸಿದ, ಸೂರಿನ ತೊಲೆಗಳನ್ನು ಸವರಿದ. ಕಂಬ ಕಂಬವನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಯಿಟ್ಟ. ಬಚ್ಚಲಿಗೆ ನೀರು ಸುರಿದು ಅದು ಎಲ್ಲಿಗೆ ಹೋಗುತ್ತದೆಂದು ಹಿಂದೆಯೇ ಹೋದ. ಹೊತ್ತು ಏರಿತು, ದೊರೆ ಆಕಳಿಸಿದ. ಸಣ್ಣೀರ ಅವಸರ ಮಾಡಲಿಲ್ಲ. ಅಣ್ಣನ ತಲೆ ತನ್ನ ಬೆರಳ ತುದಿಯಲ್ಲಿದೆ ಎಂಬುದನ್ನು ಅವನು ಮರೆಯಲಿಲ್ಲ.

ತಿರುಗಿ ಬಂದವನ ಮೈಯೆಲ್ಲ ಜೇಡರಬಲೆ. ಕುಂದು ಹೇಳಬಾರದೆಂಬ ಮಾತು ನಾಲಗೆಯನ್ನು ಹಿಡಿದೆಳೆಯಿತು. ಅವ್ವನ ತಣ್ಣನೆಯ ಒಲೆ ನೆನಪಾಯಿತು. ಹೇಳಿಯೇಬಿಟ್ಟ.

"ಇಳಿಯುವವನು ಈಶಾನ್ಯದ ಗೋಡೆ. ತಳಪಾಯ ಕುಸೀತಾ ಇದೆ, ಅದಕ್ಕೇ ಪಕ್ಕದ ಗೋಡೆ ಬಿರಿದಿದೆ, ಬಿರುಕಿನ ಮೇಲೆ ಸುಣ್ಣ ಬಳಿದಿದ್ದಾರೆ. ಬಾಗಿಲು ತೆರೆಯದೆ ಬರುವವಳು ಮಳೆ. ಸೂರಿನ ತೊಲೆಯಲ್ಲಿ ಕಲೆಯಿದೆ, ಕೆಳಗಿನಿಂದ ಕಾಣದಂತೆ ಆನೆಯ ಚಿತ್ರ ಬರೆದು ಮುಚ್ಚಿದ್ದಾರೆ. ಕಿರೀಟದವನು ಈ ಹೂಬಳ್ಳಿ ಕೆತ್ತಿದ ಕಂಬ. ಒಳಗೆಲ್ಲ ಗೆದ್ದಲು."

ಬೆರಳಿನಿಂದ ಒತ್ತಿದ. ಕಂಬದ ಮೈ ಹಪ್ಪಳದ ಹಾಗೆ ಮುರಿದು ಮಣ್ಣು ಸುರಿಯಿತು.

ಕುಡಿಯುವ ನೀರಿನ ಬಾವಿಯ ಕಟ್ಟಡ ಗಟ್ಟಿಯಾಗಿದೆ, ಮಿಕ್ಕ ಕಂಬಗಳೂ ಒಳ್ಳೆಯ ಮರದವು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕೇಳದ ಮಾತೊಂದನ್ನೂ ಸೇರಿಸಿದ. ಬಚ್ಚಲ ನೀರು ಬಾವಿಯ ಬುಡಕ್ಕೇ ಇಂಗುತ್ತಿತ್ತು. ಅದು ಹೊನ್ನಾಂಬಿಕೆಗೂ ಗೊತ್ತಿರಲಿಲ್ಲ.

ದೊರೆಯ ಮುಖ ಕಪ್ಪಿಟ್ಟಿತು. ಇಷ್ಟು ಜನ ನೋಡಿದರು, ಯಾರಿಗೂ ಕಾಣದ್ದು ನಿನಗೆ ಹೇಗೆ ಕಂಡಿತು ಎಂದು ಗದರಿದ.

"ಎಲ್ಲರಿಗೂ ಕಂಡಿದೆ ಬುದ್ಧಿ, ಹೇಳಲಿಲ್ಲ ಅಷ್ಟೆ. ನಮ್ಮ ಸಂತೆಯಲ್ಲಿ ಮುದುಕಿಯರು ಒಂದು ಮಡಕೆ ಕೊಳ್ಳೋಕೆ ಹತ್ತು ಸಲ ತಟ್ಟಿ ನೋಡ್ತಾರೆ. ತಲೆಮಾರು ಬಾಳುವ ಮನೇನ ತಟ್ಟದೆ ತಗೋಬಹುದಾ?"

ಹೊನ್ನಾಂಬಿಕೆಯ ಕಣ್ಣಲ್ಲಿ ನೀರು ಬಂತು. "ಅಪ್ಪಾ, ಅಮ್ಮ ಹೋದದ್ದು ಹಳೆಯ ಅರಮನೆಯ ತೊಲೆ ಬಿದ್ದು. ಅದು ಬಿರಿದದ್ದನ್ನು ಕಂಡವರಿದ್ದರು, ಅಪಶಕುನವೆಂದು ಬಾಯಿ ಬಿಡಲಿಲ್ಲ. ಇಲ್ಲಿಯದನ್ನು ನಾನು ಹೇಳಿದರೆ ಹುಡುಗಿಯ ಹೆದರಿಕೆ ಎಂದಿರಿ. ಅದಕ್ಕೇ ಒಗಟು ಮಾಡಿದೆ."

ದೊರೆ ಕಂಬದಿಂದ ಸುರಿದ ಮಣ್ಣನ್ನು ಕೈಗೆತ್ತಿಕೊಂಡು ನೋಡಿದ. ಆಮೇಲೆ ಸೆರೆಯ ಬೀಗ ತೆಗೆಸಿದ. ತಲೆ ಉಳಿದವರೆಲ್ಲ ಅದೇ ತಲೆಯ ಮೇಲೆ ಕಲ್ಲು ಹೊತ್ತು ತಳಪಾಯ ಸರಿಮಾಡಬೇಕೆಂದು ಅಪ್ಪಣೆಯಾಯಿತು. ಅರಸುಮಗನೂ ಹೊತ್ತ, ಪಂಡಿತನೂ ಹೊತ್ತ. ಎಲ್ಲರಿಗಿಂತ ದೊಡ್ಡ ಕಲ್ಲು ದೊಡ್ಡೀರನದು. ಅವ್ವ ಒಲೆ ಹೊತ್ತಿಸಿ ಅಷ್ಟೂ ಜನಕ್ಕೆ ಅಂಬಲಿ ಕಾಸಿದಳು.

ಮನೆ ದುರಸ್ತಿಯಾಗಿ ಮದುವೆಯ ದಿನ ಬಂತು. ಹೊನ್ನಾಂಬಿಕೆ ಮಾಲೆ ಎತ್ತಿದಾಗ ಸಣ್ಣೀರ ಒಂದು ಹೆಜ್ಜೆ ಹಿಂದೆ ಸರಿದು, ಕುಂಬಾರನ ಮಗ ನಾನು, ನನ್ನನ್ನೂ ಒಮ್ಮೆ ತಟ್ಟಿ ನೋಡಿಕೊಳ್ಳಿ ಎಂದ.

"ಅವತ್ತೇ ನೋಡಿದೆ" ಎಂದಳು ಅವಳು. "ಕೇಳದೆ ಇದ್ದ ಬಾವಿಯ ಮಾತು ಹೇಳಿದೆಯಲ್ಲ, ಆಗ." ಮಾಲೆ ಹಾಕಿದಳು.