ಬಿಡಿಸಲು ಬಂದವರು

“ಗುರುಗಳೇ, ನಮ್ಮ ಸೇನೆ ಏಳು ನದಿ ದಾಟಿ, ಮುಖ ಕಂಡರಿಯದ ಜನರನ್ನು ಕ್ರೂರಿಗಳ ಕೈಯಿಂದ ಬಿಡಿಸಲು ಹೋಗುತ್ತಿದೆ. ಇದಕ್ಕಿಂತ ದೊಡ್ಡ ಧರ್ಮ ಉಂಟೇ?”

ಕೇಳಿದವನು ಶಿಷ್ಯ ಚನ್ನಮಲ್ಲ. ಆ ಬೆಳಿಗ್ಗೆ ರಾಜಬೀದಿಯಲ್ಲಿ ಸೇನೆ ಹೊರಟದ್ದನ್ನು ನೋಡಿ ಮಠಕ್ಕೆ ಓಡಿಬಂದಿದ್ದ. ಮೈ ನವಿರೆದ್ದದ್ದು ಇನ್ನೂ ಇಳಿದಿರಲಿಲ್ಲ. ತಾನೂ ಸೇನೆ ಸೇರುತ್ತೇನೆ, ಅಪ್ಪಣೆ ಕೊಡಿ ಎಂದು ಅವನು ಬಾಯಿಬಿಡುವ ಮೊದಲೇ ಗುರುಗಳಿಗೆ ತಿಳಿಯಿತು. ಅವರು ಕುಳಿತುಕೋ ಎಂದು ಸನ್ನೆ ಮಾಡಿ ಒಂದು ಕತೆ ಹೇಳಿದರು.

ಕಪ್ಪು ಎರೆಮಣ್ಣಿನ ಒಂದು ಸಣ್ಣ ಸೀಮೆ. ಅಲ್ಲಿ ಹತ್ತಿಯನ್ನು ಬಿಟ್ಟರೆ ಬೇರೆ ಬೆಳೆಯಿಲ್ಲ, ದೊರೆಯನ್ನು ಬಿಟ್ಟರೆ ಬೇರೆ ಪಿಡುಗಿಲ್ಲ. ಇಪ್ಪತ್ತು ವರ್ಷ ಆ ದೊರೆ ಜನರನ್ನು ಹಿಂಡಿದ. ಜನ ನೆರೆಯ ಮಹಾರಾಜ್ಯಕ್ಕೆ ಮೂರು ಸಲ ದೂರು ಒಯ್ದರು. ಮೂರು ಸಲವೂ ಅಲ್ಲಿ ಅವರಿಗೆ ಊಟ ಹಾಕಿ, ತಾಂಬೂಲ ಕೊಟ್ಟು, ಹೋಗಿಬನ್ನಿ ಎಂದರು. ಇಪ್ಪತ್ತೊಂದನೆಯ ವರ್ಷ ದೊರೆ ಮಹಾರಾಜ್ಯದ ಮಗ್ಗಗಳಿಗೆ ಹೋಗುತ್ತಿದ್ದ ಹತ್ತಿಗಾಡಿಗಳನ್ನು ಗಡಿಯಲ್ಲಿ ತಡೆದ.

ಅದೇ ವರ್ಷ ಒಬ್ಬ ರೈತ ದೊರೆಗೆ ಎದುರು ಮಾತಾಡಿ ಸೆರೆಮನೆ ಸೇರಿದ. ಅವನ ಹೆಂಡತಿ ಒಬ್ಬಳೇ ಹೊಲ ಉತ್ತಳು, ಬಿತ್ತಿದಳು, ಕಳೆ ತೆಗೆದಳು. ಎಂಟು ದಿನಕ್ಕೊಮ್ಮೆ ಬುತ್ತಿ ಕಟ್ಟಿಕೊಂಡು ಸೆರೆಮನೆಗೆ ಹೋಗಿ, ಕಾವಲುಗಾರನ ಕಾಲು ಹಿಡಿದು, ಕಿಂಡಿಯಲ್ಲಿ ಚಾಚಿದ ಗಂಡನ ಕೈಯನ್ನಷ್ಟೇ ನೋಡಿ ಬರುತ್ತಿದ್ದಳು. ಸಲದಿಂದ ಸಲಕ್ಕೆ ಆ ಕೈ ಬಡಕಲಾಗುತ್ತಿತ್ತು. ಅವನು ಬರುವ ಬೇಸಿಗೆ ದಾಟಲಾರ ಎಂದು ಅವಳಿಗೆ ಗೊತ್ತಾಗಿತ್ತು.

ಕಾಯಿ ಒಡೆದು ಹೊಲವೆಲ್ಲ ಬೆಳ್ಳಗಾದ ಕಾಲಕ್ಕೆ ಮಹಾರಾಜ್ಯದ ಸೇನೆ ಬಂತು. ಅವಳು ಉಡಿ ಕಟ್ಟಿಕೊಂಡು ಹತ್ತಿಯ ಸಾಲಿನಲ್ಲಿ ನಿಂತಿದ್ದಳು. ಮೊದಲು ನೆಲ ನಡುಗಿತು. ಆಮೇಲೆ ಬಾನಿನ ಅಂಚಿಗೆ ಧೂಳೆದ್ದಿತು. ಆನೆಗಳು ಬಂದವು, ಕುದುರೆಗಳು ಬಂದವು. ಕಾಲಾಳುಗಳು ಮಧ್ಯಾಹ್ನದವರೆಗೂ ಬಂದರು, ಮುಗಿಯಲಿಲ್ಲ. ಲೋಕದಲ್ಲಿ ಇಷ್ಟು ಜನ ಇದ್ದಾರೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಅವಳ ಕೈ ತಾನಾಗಿ ಮುಗಿಯಿತು. ಎಲ್ಲರ ಮುಂದೆ ಡಂಗುರದವನು ಕೂಗುತ್ತಿದ್ದ: “ಅಂಜಬೇಡಿ! ಬಿಡಿಸಲು ಬಂದಿದ್ದೇವೆ!”

ಆ ಸೀಮೆಯಲ್ಲಿ ಸುಗ್ಗಿಯ ಹೊತ್ತಿಗೆ ಬಿಡಿಸುವುದೆಂದರೆ ಒಂದೇ: ಗಿಡದಿಂದ ಹತ್ತಿ ಬಿಡಿಸುವುದು. ಕೆಲಸ ಹುಡುಕಿ ಬರುವ ಕೂಲಿಯಾಳುಗಳೂ ಊರ ಮುಂದೆ ನಿಂತು ಹಾಗೆಯೇ ಕೂಗುತ್ತಿದ್ದರು. ನನ್ನ ಒಂದು ಕೂರಿಗೆಯ ತುಂಡು ಹೊಲಕ್ಕೆ ಇಷ್ಟು ಆಳು ಯಾಕೆ, ಇವರಿಗೆಲ್ಲ ಎಷ್ಟು ರೊಟ್ಟಿ ಬಡಿಯಲಿ ಎಂದು ಅವಳು ಗಾಬರಿಯಾದಳು. ಪಕ್ಕದ ಹೊಲದ ಮುದುಕ ಬಿದ್ದು ಬಿದ್ದು ನಕ್ಕ. ಇವರು ಬಿಡಿಸುವುದು ಹತ್ತಿಯನ್ನಲ್ಲ, ನಮ್ಮನ್ನು ಎಂದು ತಿಳಿಸಿ ಹೇಳಿದ. ಅವಳಿಗೆ ತನ್ನ ದಡ್ಡತನಕ್ಕೆ ನಾಚಿಕೆಯಾಯಿತು. ಮರುಕ್ಷಣವೇ ಗಂಡನ ಕೈ ಕಣ್ಣಿಗೆ ಕಟ್ಟಿ, ಅಲ್ಲೇ ಸಾಲಿನಲ್ಲಿ ಕುಳಿತು ಅತ್ತಳು. ದೇವರು ನಡೆದುಬರುವುದೆಂದರೆ ಹೀಗೆಯೇ ಇರಬೇಕು ಎಂದುಕೊಂಡಳು.

ಮರುದಿನವೇ ಕೋಟೆ ಬಿತ್ತು. ಮೂರು ತಲೆಮಾರು ಕಟ್ಟಿದ ಗೋಡೆ ಊಟದ ಹೊತ್ತಿಗೆ ಮಣ್ಣಿನ ಗುಡ್ಡೆಯಾಯಿತು. ದೊರೆಯನ್ನು ಹಗ್ಗ ಕಟ್ಟಿ ಬೀದಿಯಲ್ಲಿ ನಡೆಸಿದರು. ಅವನೆದುರು ತಲೆಯೆತ್ತಿ ಅರಿಯದ ಜನ ಅವನ ಬರಿಗಾಲು ಕಂಡು ದಂಗಾಗಿ ನಿಂತರು. ಅವಳು ಆ ದಿನ ಬುತ್ತಿ ಕಟ್ಟಲಿಲ್ಲ. ಮನೆಯಲ್ಲೇ ಉಣ್ಣುತ್ತಾನಲ್ಲ ಎಂದು ಗಂಡನ ಒಗೆದ ಅಂಗಿಯೊಂದನ್ನು ಹಿಡಿದು ಸೆರೆಮನೆಗೆ ಓಡಿದಳು. ಬೀಗ ಹಾಗೆಯೇ ಇತ್ತು. ಕಾವಲುಗಾರನೂ ಅವನೇ, ತಲೆಯ ರುಮಾಲಿನ ಬಣ್ಣ ಮಾತ್ರ ಬೇರೆ. ತನಗೆ ಅಪ್ಪಣೆ ಬಂದಿಲ್ಲ ಎಂದ.

ಮೂರನೆಯ ದಿನ ಅವಳು ಸೇನಾಪತಿಯ ಡೇರೆಗೆ ಹೋದಳು. ಸೇನಾಪತಿ ಕೆಟ್ಟವನಲ್ಲ. ಎದ್ದು ನಿಂತು, ಅವಳನ್ನು ಕೂರಿಸಿ, ತಾನೇ ನೀರು ಕೊಟ್ಟ.

“ಬಿಡಸಾಕ ಬಂದೀವಿ ಅಂತ ಡಂಗುರ ಹೊಡಿಸಿದ್ರಿ, ಯಪ್ಪಾ. ನನ್ನ ಗಂಡ ಇನ್ನೂ ಒಳಗ ಅದಾನ್ರಿ,” ಎಂದಳು.

“ನಾಡೇ ಬಿಡುಗಡೆಯಾಗಿದೆ, ತಾಯಿ. ಒಬ್ಬೊಬ್ಬರ ಬೀಗ ನೋಡುವುದು ಹೊಸ ದೊರೆಯ ಕೆಲಸ. ಅವರನ್ನು ನಾವೇ ಆರಿಸಿ ಕಳುಹಿಸುತ್ತೇವೆ. ಮಳೆಗಾಲದೊಳಗೆ ಬಂದುಬಿಡುತ್ತಾರೆ.”

ಅವನು ಆಡಿದ ಮಾತನ್ನು ಅವನು ನಂಬಿದ್ದ. ಅವನ ಕಣ್ಣೂ ತುಂಬಿತ್ತು. ಮಳೆಗಾಲಕ್ಕೆ ಮೊದಲು ಬೇಸಿಗೆ ಬರುತ್ತದೆ ಎಂದು ಅವಳು ಹೇಳಹೊರಟಳು. ಅಷ್ಟರಲ್ಲಿ ಡೇರೆಯ ಹೊರಗಿನದು ಕಣ್ಣಿಗೆ ಬಿದ್ದು, ಎದ್ದು ಬಾಗಿಲಿಗೆ ಬಂದಳು.

ಹತ್ತು ಸಾವಿರ ಸೈನಿಕರು ಕತ್ತಿ ಬಿಚ್ಚಿಟ್ಟು, ಸಾಲುಹಿಡಿದು ಹೊಲಕ್ಕೆ ಇಳಿದಿದ್ದರು. ಇಪ್ಪತ್ತು ಸಾವಿರ ಕೈ ಒಟ್ಟಿಗೆ ಆಡುತ್ತಿದ್ದವು. ಒಂದು ಎಲೆಯ ಚೂರೂ ಅಂಟದಂತೆ, ಅಷ್ಟು ಚೊಕ್ಕಟವಾಗಿ ಹತ್ತಿ ಬಿಡಿಸುವುದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವಳ ಒಂದು ಕೂರಿಗೆ ಹೊಲ ಎಲೆಯಡಿಕೆ ಮೆಲ್ಲುವಷ್ಟರಲ್ಲಿ ಬರಿದಾಯಿತು. ಬೆಳಿಗ್ಗೆ ಬೆಳ್ಳಗಿದ್ದ ಸೀಮೆ ಕಣ್ಣೆದುರೇ ಕಪ್ಪಾಗುತ್ತ ಹೋಯಿತು. ಗಾಡಿಗಳು ಮಹಾರಾಜ್ಯದ ಕಡೆ ಮುಖ ಮಾಡಿ ನಿಂತಿದ್ದವು. ಅವಳ ಕೈ ಮತ್ತೆ ತಾನಾಗಿ ಮುಗಿಯಿತು, ಭಯಕ್ಕೋ ಬೆರಗಿಗೋ ಅವಳಿಗೇ ತಿಳಿಯಲಿಲ್ಲ. ಗೋಡೆ ಕೆಡವಿದ ಇಷ್ಟೊಂದು ಕೈಗಳಲ್ಲಿ ಒಂದು ಕೈ ಆ ಬೀಗದ ಮೇಲೆ ಬಿದ್ದಿದ್ದರೆ ಸಾಕಿತ್ತು ಎಂದುಕೊಂಡಳು.

ಹೊಸ ದೊರೆ ಹೇಳಿದ ಹೊತ್ತಿಗೇ ಬಂದ. ಬೀಗವನ್ನೂ ತೆಗೆಸಿದ. ಅಷ್ಟರಲ್ಲಿ ಅವಳ ಗಂಡ ಇರಲಿಲ್ಲ. ಮಾತಾಡಿಸಲು ಬಂದ ಪಕ್ಕದ ಹೊಲದ ಮುದುಕನಿಗೆ ಅವಳು ಹೇಳಿದ್ದು ಇಷ್ಟೇ: ಡಂಗುರವನ್ನು ನಾನು ಮೊದಲ ಸಲವೇ ಸರಿಯಾಗಿ ಕೇಳಿಸಿಕೊಂಡಿದ್ದೆ.

ಕತೆ ಅಲ್ಲಿಗೆ ನಿಂತಿತು. ಚನ್ನಮಲ್ಲನ ಮುಖ ಕೆಂಪಾಗಿತ್ತು. ಅಷ್ಟು ದೊಡ್ಡ ರಾಜ್ಯದಲ್ಲಿ ಇದನ್ನೆಲ್ಲ ಕೇಳುವವರು ಒಬ್ಬರೂ ಇರಲಿಲ್ಲವೇ ಎಂದು ಸಿಟ್ಟಿನಿಂದ ಕೇಳಿದ.

ಗುರುಗಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ನೀನು ಉಟ್ಟಿರುವ ಪಂಚೆಯ ಹತ್ತಿಯನ್ನು ಬಿಡಿಸಿದವರು ಯಾರೆಂದು ನೀನು ಯಾರನ್ನು ಕೇಳಿದೆ, ಮಗು?”