ಆಮೆ ಸುಸ್ತಾದ ಜಾಗ

ಕಡಿದಾದ ಬೆಟ್ಟದಲ್ಲಿ ಹೋಟೆಲು ಕಟ್ಟಿಸಲು ಹೊರಟ ಕರಡಿ ನಕ್ಷೆಯ ಕೆಲಸವನ್ನು ಮೇಕೆಗೆ ಒಪ್ಪಿಸಿತು. ಮೇಕೆಗೆ ಹಿಗ್ಗೋ ಹಿಗ್ಗು. ಬಂಡೆಯಿಂದ ಬಂಡೆಗೆ ನೆಗೆಯುತ್ತ ಒಂದೇ ಬೆಳಗಿನಲ್ಲಿ ಬೆಟ್ಟದ ತುಂಬ ಸುಣ್ಣದ ಗೆರೆ ಎಳೆದು ಬಂತು.

“ಒಡೆಯರೇ, ಬುಡದಲ್ಲಿ ಕೋಣೆಗಳು, ತುದಿಯಲ್ಲಿ ಊಟದ ಮನೆ! ನಾಳೆಯೇ ಪಾಯ ತೋಡಿಸಿ!”

“ಮೆಟ್ಟಿಲು ಎಲ್ಲಿ?” ಎಂದಿತು ಕರಡಿ.

“ಮೆಟ್ಟಿಲು ಯಾತಕ್ಕೆ? ನಾಲ್ಕು ನೆಗೆತದ ದಾರಿ!”

ಕರಡಿ ವಾದಕ್ಕಿಳಿಯಲಿಲ್ಲ. ಕೆರೆಯ ಮುದಿ ಆಮೆಯನ್ನು ಕರೆಸಿ, “ಅಜ್ಜಿ, ಊಟದ ಮನೆಯವರೆಗೆ ಒಮ್ಮೆ ಹತ್ತಿ ತೋರಿಸಿ” ಎಂದಿತು.

ಆಮೆ ಹೊರಟಿತು; ಒಂದು ಗೂಟ ಹಿಡಿದು ಕರಡಿಯೂ ಜೊತೆಗೆ ನಡೆಯಿತು. ಮೇಕೆ ಚಡಪಡಿಸುತ್ತ ಹಿಂದೆ ಮುಂದೆ ಓಡಾಡಿತು. ಮೊದಲ ತಿರುವಿನಲ್ಲೇ ಆಮೆ ನಿಂತಿತು.

“ಯಾಕೆ ನಿಂತಿರಿ?” ಎಂದಿತು ಮೇಕೆ.

“ಬಾಯಾರಿತಪ್ಪ.”

“ಹಾಗಾದರೆ ನೀರಿನ ತೊಟ್ಟಿ ಇಲ್ಲಿ” ಎಂದು ಕರಡಿ ಅಲ್ಲೊಂದು ಗೂಟ ಹೊಡೆಯಿತು. ಇನ್ನಷ್ಟು ಹತ್ತಿದ ಆಮೆ ಒಂದು ಬಂಡೆಯ ಮೇಲೆ ಕೂತೇಬಿಟ್ಟಿತು.

“ಈಗೇನಾಯಿತು?” ಎಂದಿತು ಮೇಕೆ.

“ಕಾಲು ಸೋತವು. ಆದರೆ ಇಲ್ಲಿ ಬಾ, ಕಣಿವೆಯೆಲ್ಲ ಕಾಣುತ್ತಿದೆ. ಆ ಹೊಳೆ ನೋಡು, ಮೂರು ಸಲ ತಿರುಗಿ ಹೋಗಿದೆ.”

ಮೇಕೆ ಪಕ್ಕದಲ್ಲಿ ನಿಂತು ನೋಡಿತು. “ಈ ಬಂಡೆಯ ಮೇಲೆ ನೂರು ಸಲ ಕಾಲಿಟ್ಟಿದ್ದೇನೆ, ಹೊಳೆ ಕಂಡಿದ್ದು ಇವತ್ತೇ! ಕೋಣೆಗಳು ಇಲ್ಲೇ ಬರಬೇಕು!” ಎಂದು ಕೂಗಿ ಕೆಳಗೆ ಹಾರಿ, ತಾನೇ ಎಳೆದ ಗೆರೆಗಳನ್ನೆಲ್ಲ ಗೊರಸಿನಿಂದ ಅಳಿಸಿತು. ಗೂಟಗಳ ಕಟ್ಟನ್ನು ಬೆನ್ನಿಗೇರಿಸಿಕೊಂಡು ಓಡೋಡಿ ಬಂತು.

“ಅಜ್ಜಿ, ಇನ್ನು ಮುಂದೆ ಎಲ್ಲಿ ಸುಸ್ತಾಗುತ್ತೀರಿ? ಬೇಗ ಹೇಳಿ!”