ಬಿಳಿ ಗೋಡೆಯ ಪರೀಕ್ಷೆ

ಬಟ್ಟೆಯ ಗಂಟನ್ನು ಪಕ್ಕಕ್ಕಿಟ್ಟುಕೊಂಡು ಶಿಷ್ಯ ಕೇಳಿದ: "ಗುರುಗಳೇ, ಐದು ವರ್ಷದಿಂದ ನೋಡುತ್ತಿದ್ದೇನೆ. ನಿಮಗೆ ಮೂಗಿನ ತುದಿಯಲ್ಲೇ ಸಿಟ್ಟು. ನಶ್ಯದ ಚಟ ಬೇರೆ. ಗುಡ್ಡದ ಮೇಲಿನ ಸ್ವಾಮಿಗಳಲ್ಲಿ ಒಂದು ಕುಂದೂ ಕಾಣಲಿಲ್ಲ. ಅಂಥವರನ್ನು ಬಿಟ್ಟು ನಾನು ಇಲ್ಲೇಕೆ ಇರಬೇಕು?"

"ಅವರಿಗೆ ಶಿಷ್ಯರೆಷ್ಟು ಜನ?"

"ಒಬ್ಬರೂ ಇಲ್ಲ. ಅಷ್ಟು ಪ್ರಶಾಂತ."

ಗುರುಗಳು ಒಂದು ಚಿಟಿಕೆ ನಶ್ಯ ಏರಿಸಿ ಹೇಳತೊಡಗಿದರು.

ಒಬ್ಬ ಫೋಟೋಗ್ರಾಫರ್ ಇದ್ದ. ತಂಗಿಯ ಮದುವೆಗೆ ಎರಡು ದಿನವಿರುವಾಗ ಅವನ ಕ್ಯಾಮೆರಾ ಕೈಜಾರಿ ಬಿದ್ದು ಒಡೆಯಿತು. ಊರವರ ಮದುವೆಗಳ ಫೋಟೋಗಳನ್ನೆಲ್ಲ ತೆಗೆದವನು ತಂಗಿಯ ಮದುವೆಗೆ ಬೇರೆಯವರನ್ನು ಕರೆಯುವುದುಂಟೆ? ಬಳಸಿದ ಡಿಜಿಟಲ್ ಕ್ಯಾಮೆರಾ ಒಂದನ್ನು ಕೊಳ್ಳಲು ಹೊರಟ. ಹಳೆಯದನ್ನು ಪರೀಕ್ಷಿಸುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬುದು ಅವನ ನಂಬಿಕೆ. ಮೊಸರಿನಲ್ಲಿ ಕಲ್ಲು ಹುಡುಕಿ, ಸಿಗದಿದ್ದರೆ ಬೇಸರಪಡುವ ಪೈಕಿ.

ಮೊದಲು ಸ್ಟುಡಿಯೋ ಮುಚ್ಚುತ್ತಿದ್ದ ಒಬ್ಬ ಮುದುಕನ ಬಳಿ ಹೋದ. ಮುದುಕನ ಕ್ಯಾಮೆರಾದ ಹಿಡಿಯ ರಬ್ಬರ್ ಸವೆದಿತ್ತು. ಹೆಬ್ಬೆರಳು ಕೂರುವ ಜಾಗದಲ್ಲಿ ಬಣ್ಣ ಹೋಗಿತ್ತು. ಎಷ್ಟು ಫೋಟೋ ತೆಗೆದಿದೆ ಎಂಬ ಲೆಕ್ಕ ಕ್ಯಾಮೆರಾದ ಹೊಟ್ಟೆಯೊಳಗೇ ಇರುತ್ತದೆ. ನೋಡಿದ, ಒಂದೂವರೆ ಲಕ್ಷ. ಆಮೇಲೆ ಬಿಳಿ ಗೋಡೆಯ ಫೋಟೋ ತೆಗೆದ. ಒಳಗೆ ಧೂಳು ಕೂತಿದ್ದರೆ ಬಿಳಿಯ ಮೇಲೆ ಚುಕ್ಕೆಯಾಗಿ ಕಾಣುತ್ತದೆ. ಮೂರು ಚುಕ್ಕೆ ಕಂಡವು.

"ಹೆಣ್ಣು ನೋಡೋಕೆ ಬಂದವರೂ ಇಷ್ಟು ನೋಡಲ್ಲಪ್ಪ," ಎಂದ ಮುದುಕ. "ಗೋಡೆ ಬಿಡು, ನನ್ನ ಮುಖದ್ದೊಂದು ತೆಗೆದು ನೋಡು."

"ಮುಖ ಯಾಕೆ ಯಜಮಾನ್ರೇ? ಗೋಡೆ ಸುಳ್ಳು ಹೇಳಲ್ಲ," ಎಂದು ಇವನು ಎದ್ದ.

ಎರಡನೆಯ ಕ್ಯಾಮೆರಾ ಒಬ್ಬ ವಕೀಲರ ಮನೆಯ ಬೀರುವಿನಲ್ಲಿತ್ತು, ಪೆಟ್ಟಿಗೆ ಸಮೇತ. ಒಂದು ಗೀರಿಲ್ಲ. ತೆಗೆದ ಫೋಟೋ ಬರೀ ಒಂಬೈನೂರು. ಗೋಡೆ ಹಾಲಿನ ಹಾಗೆ ಬಂತು. ಅವನು ಎರಡನೆಯ ಮಾತಿಲ್ಲದೆ ಕೊಂಡ. ವಕೀಲರೂ ಎರಡನೆಯ ಮಾತಾಡಲಿಲ್ಲ.

ಮದುವೆಯಲ್ಲಿ ತಾಳಿ ಕಟ್ಟುವಾಗ ಮದುಮಗನ ಕೈಯನ್ನು ಅರ್ಧದಲ್ಲೇ ನಿಲ್ಲಿಸಿ, "ಹಾಗೇ ಇರಿ ಭಾವ, ಇಲ್ಲಿ ನೋಡಿ," ಎಂದ. ಮುಹೂರ್ತ ಮೀರುತ್ತದೆಂದು ಪುರೋಹಿತರು ಗದರಿದರು. ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ಎಲ್ಲ ಚೆನ್ನಾಗಿಯೇ ಕಂಡಿತು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದ. ತಂಗಿಯ ಮುಖ ಮಸುಕು. ತಾಳಿ ಮಸುಕು. ಅವರ ಹಿಂದಿನ ಗೋಡೆ ಮಾತ್ರ ಸುಣ್ಣದ ಬಿರುಕು ಎಣಿಸುವಷ್ಟು ಸ್ಪಷ್ಟ. ಪ್ರತಿಯೊಂದರಲ್ಲೂ ಅದೇ ಕತೆ. ಕ್ಯಾಮೆರಾ ಎದುರಿಗಿದ್ದವರನ್ನು ಬಿಟ್ಟು ಅವರ ಬೆನ್ನ ಹಿಂದಿನದಕ್ಕೆ ಫೋಕಸ್ ಮಾಡುತ್ತಿತ್ತು. ಬರೀ ಗೋಡೆಯನ್ನೇ ತೋರಿಸಿದವನಿಗೆ ಇದು ತಿಳಿಯುವುದಾದರೂ ಹೇಗೆ?

ಗಂಡನ ಮನೆಗೆ ಹೊರಟ ತಂಗಿ, "ಅಣ್ಣ, ತಾಳಿ ಕಟ್ಟಿದ್ದು ಒಂದೇ ಒಂದು ತೋರಿಸೋ," ಎಂದಳು. ಅವನು ಕಂಪ್ಯೂಟರ್ ಆರಿಸಿದ.

ಮರುದಿನ ವಕೀಲರ ಮನೆಗೆ ಓಡಿದ. ವಕೀಲರು ಪೇಪರಿನಿಂದ ತಲೆಯೆತ್ತಲಿಲ್ಲ.

"ನನಗೂ ಒಂಬೈನೂರು ಸಲ ಹಾಗೇ ಬಂತು. ಅದಕ್ಕೇ ಬೀರುವಿಗೆ ಸೇರಿಸಿದ್ದೆ."

"ಮೊದಲೇ ಹೇಳಬಾರದಿತ್ತಾ ಸಾರ್?"

"ಎಷ್ಟು ತೆಗೆದಿದೆ ಅಂತ ನೋಡಿದ್ರಿ. ಯಾಕೆ ನಿಲ್ಲಿಸಿದೆ ಅಂತ ಕೇಳಲೇ ಇಲ್ಲವಲ್ಲ."

ಗುರುಗಳು ಕತೆ ನಿಲ್ಲಿಸಿ ಮೂಗು ಒರೆಸಿಕೊಂಡರು. ಶಿಷ್ಯ ಗಂಟನ್ನು ಮಡಿಲಿಗೆ ಎಳೆದುಕೊಂಡ.

"ಹಾಗಾದರೆ ನಾನು ಗುಡ್ಡಕ್ಕೆ ಹೋಗಬಾರದೇ?"

"ಧಾರಾಳವಾಗಿ ಹೋಗು, ಅಲ್ಲಾದರೂ ಚುಕ್ಕೆ ಎಣಿಸುವುದನ್ನು ಬಿಟ್ಟು ನಿನ್ನ ಮುಖವನ್ನು ಅವರ ಮುಂದಿಟ್ಟು, ಅದು ಅವರಿಗೆ ಸ್ಪಷ್ಟವಾಗಿ ಕಾಣುತ್ತದೆಯೇ ನೋಡು."